ಅಳತೆಗೆ ಸಿಕ್ಕ ಕಳ್ಳಗೆರೆಗಳು: ಒಂದು ಮೈಕ್ರೋವೇವ್ ಆಕರದ ಪ್ರಕರಣ

ಈ ಪ್ರಕರಣ ನಡೆದದ್ದು ಅನಿಲಗಳ ರೋಹಿತ (ಅನಿಲ ಯಾವ ಯಾವ ಆವರ್ತನದ ಅಲೆಯನ್ನು ಹೀರುತ್ತದೆಂದು ತೋರಿಸುವ ಗೆರೆಗಳ ಸಾಲು) ಅಳೆಯುವ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಅಲ್ಲಿದ್ದವರ ಹೆಸರು, ಸಂಸ್ಥೆ, ಅವರು ಬೆನ್ನು ಹತ್ತಿದ್ದ ಅಣು, ಉಪಕರಣ ಮಾಡಿದ ಕಂಪನಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಕಥೆಯಲ್ಲಿ ಮೂವರಿದ್ದಾರೆ: ಗುಂಪಿನ ಮುಖ್ಯಸ್ಥರು, ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಅಲೆ ಎಬ್ಬಿಸುವ ಉಪಕರಣವನ್ನು, ಅಂದರೆ ಆಕರವನ್ನು, ಜೋಡಿಸಿ ಪರೀಕ್ಷಿಸಿಕೊಟ್ಟ ನಾನು. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಇಂಥ ಆಕರ ಕಟ್ಟುತ್ತಿರುವ ಇನ್ನೊಬ್ಬರ ತಿಂಗಳುಗಳು ಉಳಿಯಲಿ ಎಂದು ಇದನ್ನು ಬರೆದಿಟ್ಟಿದ್ದೇನೆ.

ಹಿನ್ನೆಲೆ

ಅನಿಲದ ಅಣು ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಬೇಕಾದ ವೇಗದಲ್ಲೆಲ್ಲ ಅದು ತಿರುಗಲಾರದು. ಮೆಟ್ಟಿಲುಗಳಿವೆ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಏರಲು ಬೇಕಾದ ಶಕ್ತಿ ಹಗುರ ಅಣುಗಳಲ್ಲಿ ಹೆಚ್ಚು, ಭಾರದವುಗಳಲ್ಲಿ ಕಡಿಮೆ, ಮತ್ತು ಆ ಶಕ್ತಿ ಬಹಳಷ್ಟು ಅಣುಗಳಿಗೆ ಮೈಕ್ರೋವೇವ್ ಹಾಗೂ ಮಿಲಿಮೀಟರ್ ಅಲೆಗಳ ವಲಯದಲ್ಲೇ ಬೀಳುತ್ತದೆ. 1934ರಲ್ಲಿ ಭೌತವಿಜ್ಞಾನಿಗಳಾದ ಕ್ಲೀಟನ್ ಮತ್ತು ವಿಲಿಯಮ್ಸ್ ತಾವೇ ಮಾಡಿಕೊಂಡ, ಮೈಕ್ರೋವೇವ್ ಎಬ್ಬಿಸುವ ಪುಟ್ಟ ಮ್ಯಾಗ್ನೆಟ್ರಾನ್‌ಗಳಿಂದ ಅಮೋನಿಯ ಅನಿಲ ಸುಮಾರು 1.25 ಸೆಂಟಿಮೀಟರ್ ಅಲೆಯನ್ನು ಹೀರುವುದನ್ನು ತೋರಿಸಿದಾಗ ಈ ವಿದ್ಯೆ ಹುಟ್ಟಿತು. ಅಲ್ಲಿ ಅಮೋನಿಯ ತೋರಿಸಿದ್ದು ತಿರುಗುವಿಕೆಯನ್ನಲ್ಲ, ಕೊಡೆ ಮಗುಚಿದಂತೆ ಅಣುವೇ ಒಳಹೊರಗಾಗುವ ಚಲನೆಯನ್ನು. ಆದರೂ ದಾರಿ ತೆರೆದದ್ದು ಅದೇ. ಅಂದಿನಿಂದ ಇಂದಿನವರೆಗೆ ಈ ವಿದ್ಯೆಯ ಮಿತಿಯನ್ನು ಗೊತ್ತು ಮಾಡಿರುವುದು ಬಹುಮಟ್ಟಿಗೆ ಆಕರವೇ. ಎಲ್ಲಿಯವರೆಗೆ ಅಲೆ ಎಬ್ಬಿಸಬಲ್ಲಿರೋ ಅಲ್ಲಿಯವರೆಗೆ ಅಳೆಯಬಲ್ಲಿರಿ.

ನಮ್ಮ ಗುಂಪಿಗೆ 225ರಿಂದ 330 ಗಿಗಾಹರ್ಟ್ಸ್ ವಲಯ ಬೇಕಿತ್ತು. ಎದುರಿಗೆ ಎರಡು ದಾರಿಗಳಿದ್ದವು. ಒಂದು, ಬ್ಯಾಕ್‌ವರ್ಡ್ ವೇವ್ ಆಸಿಲೇಟರ್ ಎಂಬ ನಿರ್ವಾತ ಕೊಳವೆ. ಹತ್ತಾರು ಮಿಲಿವ್ಯಾಟ್ ಕೊಡಬಲ್ಲದು, ನೇರವಾಗಿ ಬೇಕಾದ ಆವರ್ತನದಲ್ಲೇ ಹುಟ್ಟುತ್ತದೆ. ಆದರೆ ಸಾವಿರಾರು ವೋಲ್ಟ್, ಬಲವಾದ ಅಯಸ್ಕಾಂತ, ಅದನ್ನು ಒಂದೇ ಆವರ್ತನದಲ್ಲಿ ಹಿಡಿದಿಡಲು ಪ್ರತ್ಯೇಕ ಲಾಕಿಂಗ್ ವ್ಯವಸ್ಥೆ, ಇಷ್ಟೆಲ್ಲ ಬೇಕು. ಇನ್ನೊಂದು, ಕೆಳಗಿನ ಆವರ್ತನದ ಅಲೆಯನ್ನು ನಿಖರವಾಗಿ ಕೊಡುವ ಸಿಂಥಸೈಸರ್ ಹಿಡಿದು ಅದರ ಅಲೆಯನ್ನು ಷಾಟ್ಕಿ ಡಯೋಡ್‌ಗಳ ಮಲ್ಟಿಪ್ಲೈಯರ್ ಸರಪಳಿಯಲ್ಲಿ ಗುಣಿಸುತ್ತ ಮೇಲೇರಿಸುವುದು. ಕೊನೆಗೆ ಉಳಿಯುವ ಶಕ್ತಿ ಒಂದು ಮಿಲಿವ್ಯಾಟ್‌ಗೂ ಕಡಿಮೆ, ಆದರೆ ಅನಿಲದ ಗೆರೆ ನೋಡಲು ಅಷ್ಟು ಧಾರಾಳವಾಗಿ ಸಾಕು. ಎರಡನೆಯದನ್ನು ಆರಿಸಿದೆವು. ಈ ಆಯ್ಕೆ ಸರಿಯಾಗಿತ್ತು ಎಂದು ಇಂದಿಗೂ ನಂಬುತ್ತೇನೆ.

ಸರಪಳಿ ಹೀಗಿತ್ತು: 12.5ರಿಂದ 18.3 ಗಿಗಾಹರ್ಟ್ಸ್ ಕೊಡುವ ಸಿಂಥಸೈಸರ್, ಅದನ್ನು ಆರರಿಂದ ಗುಣಿಸುವ, ಒಳಗೇ ಆಂಪ್ಲಿಫೈಯರ್ ಇರುವ ಮುಚ್ಚಿದ ಪೆಟ್ಟಿಗೆ, ಅದರ ಮುಂದೆ ಮೂರರಿಂದ ಗುಣಿಸುವ ಟ್ರಿಪ್ಲರ್. ಒಟ್ಟು ಹದಿನೆಂಟು. ಟ್ರಿಪ್ಲರ್‌ನಿಂದ ಹೊರಟ ಅಲೆ ಹಾರ್ನ್ ಮತ್ತು ಮಸೂರ ದಾಟಿ, 1.5 ಮೀಟರ್ ಉದ್ದದ ಗಾಜಿನ ಕೊಳವೆಯಲ್ಲಿದ್ದ ಅನಿಲವನ್ನು ಹಾದು ಡಿಟೆಕ್ಟರ್ ಸೇರುತ್ತಿತ್ತು. ಸಿಂಥಸೈಸರ್‌ನ ಆವರ್ತನವನ್ನು ಸಣ್ಣಗೆ ಅಲುಗಿಸಿ, ಅಲುಗಿಸುವ ಲಯದ ಎರಡರಷ್ಟರಲ್ಲಿ, ಆ ಲಯದ ಸಂಕೇತವನ್ನಷ್ಟೇ ಹೆಕ್ಕುವ ಲಾಕ್-ಇನ್ ಆಂಪ್ಲಿಫೈಯರ್‌ನಿಂದ ಸಂಕೇತ ಓದುವುದು ನಮ್ಮ ಪದ್ಧತಿ. ಗೆರೆ ಆಗ ಎರಡೂ ಬದಿಗೆ ತಗ್ಗು, ನಡುವೆ ಚೂಪಾದ ಶಿಖರವಾಗಿ ಕಾಣುತ್ತದೆ.

ಆರಂಭದ ಪರೀಕ್ಷೆ

ಮೇಜಿನ ಮೇಲೆ ಜೋಡಿಸಿ ಮೂರು ವಿಷಯ ನೋಡಿದೆ. ಕ್ಯಾಲೊರಿಮೀಟರ್ ಬಗೆಯ ಪವರ್ ಮೀಟರ್‌ನಲ್ಲಿ ಇಡೀ ವಲಯದ ಶಕ್ತಿ ಅಳೆದೆ, ಚೆನ್ನಾಗಿತ್ತು. ಫೇಸ್ ನಾಯ್ಸ್, ಅಂದರೆ ಅಲೆಯ ಲಯದಲ್ಲಿನ ಸಣ್ಣ ನಡುಕ, ಎಷ್ಟೆಂದು ಲೆಕ್ಕ ಹಾಕಿದೆ. ಹದಿನೆಂಟರಿಂದ ಗುಣಿಸಿದಾಗ ಅದು ಸುಮಾರು 25 ಡೆಸಿಬೆಲ್ ಏರುತ್ತದೆ, ಅಷ್ಟು ಏರಿದರೂ ನಮ್ಮ ಗೆರೆಗಳ ಅಗಲಕ್ಕೆ ಅದು ಲೆಕ್ಕಕ್ಕಿಲ್ಲ. ಕೊನೆಗೆ ಕಾರ್ಬನ್ ಮಾನಾಕ್ಸೈಡ್ ತುಂಬಿ 230.538 ಗಿಗಾಹರ್ಟ್ಸ್‌ನ ಗೆರೆ ಹುಡುಕಿದೆ. ಸುಮಾರು ನಲವತ್ತು ಕಿಲೋಹರ್ಟ್ಸ್ ಆಚೆ ಸಿಕ್ಕಿತು. ಸಿಂಥಸೈಸರ್‌ನ ಒಳಗಿನ ಸ್ಫಟಿಕದ ಬದಲು ರುಬಿಡಿಯಂ ಗಡಿಯಾರದ 10 ಮೆಗಾಹರ್ಟ್ಸ್ ಕೊಟ್ಟೊಡನೆ ಗೆರೆ ತನ್ನ ಜಾಗಕ್ಕೆ ಬಂದು ಕೂತಿತು. "ಆಕರ ಸಿದ್ಧ" ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಆ ಸಹಿಯ ಹಿಂದೆ ಒಂದು ದೊಡ್ಡ ಕೊರತೆಯಿತ್ತು. ಪವರ್ ಮೀಟರ್ ಬಿಸಿಯನ್ನು ಮಾತ್ರ ಅಳೆಯುತ್ತದೆ. ಬಂದ ಬಿಸಿ ಯಾವ ಆವರ್ತನದ್ದು ಎಂದು ಅದಕ್ಕೆ ತಿಳಿಯದು. ಕಾರ್ಬನ್ ಮಾನಾಕ್ಸೈಡ್‌ಗೆ ನಮ್ಮ ಇಡೀ ವಲಯದಲ್ಲಿ ಇರುವುದು ಆ ಒಂದೇ ಗೆರೆ, ಮುಂದಿನದು 345.8 ಗಿಗಾಹರ್ಟ್ಸ್‌ನಲ್ಲಿ. ಹಾಗಾಗಿ ಅದು ಇರಬೇಕಾದ ಅಲೆ ಇದೆ ಎಂದು ಹೇಳಿತೇ ಹೊರತು, ಇರಬಾರದ ಅಲೆ ಇಲ್ಲ ಎಂದು ಹೇಳಲಿಲ್ಲ. ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಬಹುದಿತ್ತಲ್ಲ ಎಂದು ಕೇಳಬಹುದು. ಈ ಆವರ್ತನದಲ್ಲಿ ಅದಕ್ಕೆ, ಅಲೆಯನ್ನು ಕೆಳಗಿನ ಆವರ್ತನಕ್ಕೆ ಇಳಿಸಿಕೊಡುವ ಹಾರ್ಮೋನಿಕ್ ಮಿಕ್ಸರ್ ಬೇಕು. ಆ ಮಿಕ್ಸರ್ ತಾನೇ ಪರದೆಯ ತುಂಬ ಬಿಂಬಗಳನ್ನು ಚೆಲ್ಲುತ್ತದೆ, ಯಾವುದು ಆಕರದ್ದು, ಯಾವುದು ಮಿಕ್ಸರ್‌ನದ್ದು ಎಂದು ಬಿಡಿಸುವುದೇ ಒಂದು ಕೆಲಸ. ನಾನು ಆ ಕೆಲಸವನ್ನು ಮುಂದೂಡಿದೆ.

ಹೊಂದದ ಹನ್ನೊಂದು

ವಿದ್ಯಾರ್ಥಿನಿ ಹೊಸ ಅಣುವಿನ ರೋಹಿತ ತೆಗೆಯಲು ಶುರುಮಾಡಿದಳು. ಗೆರೆಗಳು ರಾಶಿ ರಾಶಿ ಬಂದವು. ಒಂದೊಂದನ್ನೂ ಗುರುತಿಸಿ ಲೆಕ್ಕಕ್ಕೆ ಹೊಂದಿಸುತ್ತ ಹೋದಾಗ ಬಹುಪಾಲು ಚೆನ್ನಾಗಿ ಕೂತವು. ಹನ್ನೊಂದು ಗೆರೆ ಮಾತ್ರ ಎಲ್ಲಿಯೂ ಕೂರಲಿಲ್ಲ. ದುರ್ಬಲವಾಗಿದ್ದವು, ಆದರೆ ಸ್ಪಷ್ಟ. ಕೊಳವೆಯಿಂದ ಅನಿಲ ತೆಗೆದರೆ ಮಾಯ, ತುಂಬಿದರೆ ಹಾಜರು.

ಮುಖ್ಯಸ್ಥರಿಗೆ ಇವು ಕಂಪಿಸುತ್ತಿರುವ ಅಣುಗಳ ಗೆರೆ ಎನಿಸಿತು. ಕೋಣೆಯ ಉಷ್ಣತೆಯಲ್ಲಿ ಒಂದಷ್ಟು ಅಣುಗಳು ಕಂಪನದ ಮೇಲಿನ ಸ್ಥಿತಿಯಲ್ಲಿರುತ್ತವೆ, ಅವುಗಳ ಗೆರೆ ಸ್ವಲ್ಪ ಸರಿದು, ದುರ್ಬಲವಾಗಿ ಕಾಣುತ್ತದೆ. ಅನುಭವಸ್ಥರಿಗೆ ಮೊದಲು ಹೊಳೆಯುವುದೇ ಅದು. ವಿದ್ಯಾರ್ಥಿನಿ ಎರಡು ತಿಂಗಳು ಆ ದಿಕ್ಕಿನಲ್ಲಿ ಲೆಕ್ಕ ಮಾಡಿದಳು. ನಾಲ್ಕು ಗೆರೆಗಳನ್ನು ಹೇಗೋ ಒಗ್ಗಿಸಿಯೂ ಬಿಟ್ಟಳು. ಪ್ರಬಂಧದ ಕರಡು ತಯಾರಾಯಿತು. ಸಾಕಷ್ಟು ಸ್ವತಂತ್ರ ಸ್ಥಿರಾಂಕಗಳಿದ್ದರೆ ತಪ್ಪು ಗೆರೆಯೂ ಲೆಕ್ಕಕ್ಕೆ ಕೂತುಬಿಡುತ್ತದೆ ಎಂಬುದನ್ನು ನಾನು ಆಗ ಕಣ್ಣಾರೆ ಕಂಡೆ. ಈ ವಿದ್ಯೆಯಲ್ಲಿ ನನಗೆ ಅತಿ ಭಯ ಹುಟ್ಟಿಸುವ ಸಂಗತಿ ಅದೇ.

ಮುಂದೆ ಒಂದು ದಿನ ಅವಳು ಪ್ರಬಲ ಗೆರೆಗಳ ಅಗಲವನ್ನು ಇನ್ನಷ್ಟು ಚೊಕ್ಕವಾಗಿ ಅಳೆಯಬೇಕೆಂದು ಅಲೆಯ ಶಕ್ತಿ ಇಳಿಸಲು ಹೊರಟಳು. ಕಡಿಮೆ ಒತ್ತಡದಲ್ಲಿ ಶಕ್ತಿ ಹೆಚ್ಚಾದರೆ ಅಣುಗಳು ಇನ್ನು ಹೀರಲಾರದೆ ಗೆರೆ ಅಗಲವಾಗುತ್ತದೆ. ಟ್ರಿಪ್ಲರ್‌ನ ಮುಂದೆ ಹಾಕಲು, ಅಲೆಯನ್ನು ತಗ್ಗಿಸುವ ಅಟೆನ್ಯುಯೇಟರ್ ನಮ್ಮಲ್ಲಿರಲಿಲ್ಲ. ಸಿಂಥಸೈಸರ್‌ನ ಡ್ರೈವನ್ನೇ, ಅಂದರೆ ಅದು ಸರಪಳಿಗೆ ಕೊಡುವ ಶಕ್ತಿಯನ್ನೇ, 6 ಡೆಸಿಬೆಲ್ ಇಳಿಸಿದಳು. ಪ್ರಬಲ ಗೆರೆಗಳು ತಗ್ಗಿದವು. ಪಕ್ಕದಲ್ಲಿದ್ದ ಹೊಂದದ ಗೆರೆ ಏರಿತು.

ಅವಳು ಎರಡೂ ರೋಹಿತಗಳನ್ನು ಒಂದರ ಮೇಲೊಂದು ಮುದ್ರಿಸಿ ತಂದು ಮೇಜಿನ ಮೇಲಿಟ್ಟಳು. ಮುಖ್ಯಸ್ಥರು ಬಹಳ ಹೊತ್ತು ನೋಡಿದರು.

"ಒತ್ತಡ ಬದಲಾಗಿರಬೇಕು. ಇನ್ನೊಮ್ಮೆ ತೆಗೆದು ನೋಡಿ," ಎಂದರು.

"ಮೂರು ಸಲ ತೆಗೆದೆ ಸರ್. ಡ್ರೈವ್ ಇಳಿಸಿದಷ್ಟೂ ಇವು ಏರುತ್ತವೆ. ನಮ್ಮ ಡ್ರೈವ್ ಎಷ್ಟಿದೆ ಎನ್ನುವುದು ಅಣುವಿಗೆ ಗೊತ್ತಿರುವುದಿಲ್ಲವಲ್ಲ?"

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ.

ಅಗಲ ಕೊಟ್ಟ ಸುಳ್ಳು ಸಾಕ್ಷಿ

ಮುಖ್ಯಸ್ಥರ ಮುಂದಿನ ತಕರಾರು ಗಟ್ಟಿಯಾದದ್ದು. ಹೊಂದದ ಗೆರೆಗಳ ಅಗಲವೂ ಆಕಾರವೂ ನಿಜವಾದ ಗೆರೆಗಳದ್ದರಂತೆಯೇ ಇದ್ದವು. ಬೇರೊಂದು ಅಲೆಯಿಂದ ಬಂದದ್ದಾದರೆ ಅಗಲದಲ್ಲಿ ಏನಾದರೂ ವ್ಯತ್ಯಾಸ ಕಾಣಬೇಡವೇ? ನನಗೂ ಮೊದಲು ಸರಿ ಎನಿಸಿತು. ಕಾಗದ ಹಿಡಿದು ಲೆಕ್ಕ ಮಾಡಿದಾಗಲೇ ಬಲೆ ಎಲ್ಲಿದೆ ಎಂದು ತಿಳಿದದ್ದು.

ಆರರ ಪೆಟ್ಟಿಗೆಯಿಂದ ಆರನೆಯ ಹಾರ್ಮೋನಿಕ್ (ಮೂಲ ಆವರ್ತನದ ಆರು ಪಟ್ಟಿನ ಅಲೆ) ಜೊತೆಗೆ ಐದನೆಯದೂ ಏಳನೆಯದೂ ತುಸು ಸೋರುತ್ತಿದ್ದರೆ, ಟ್ರಿಪ್ಲರ್‌ನಲ್ಲಿ ಅವು ಬೆರೆಯುತ್ತವೆ. ಆರು, ಆರು, ಆರು ಸೇರಿ ಹದಿನೆಂಟು. ಆರು, ಆರು, ಐದು ಸೇರಿದರೆ ಹದಿನೇಳು. ಆರು, ಆರು, ಏಳು ಸೇರಿದರೆ ಹತ್ತೊಂಬತ್ತು. ಡಿಟೆಕ್ಟರ್ ಮೂರನ್ನೂ ನೋಡುತ್ತದೆ. ನಮ್ಮ ಕಂಪ್ಯೂಟರ್ ಮಾತ್ರ ಎಲ್ಲವನ್ನೂ ಹದಿನೆಂಟು ಎಂದೇ ಬರೆದುಕೊಳ್ಳುತ್ತದೆ. ಹದಿನೇಳನೆಯ ಅಲೆ ಎಲ್ಲೋ ಕೆಳಗಿರುವ ಪ್ರಬಲ ಗೆರೆಗೆ ತಾಗಿದರೆ, ಆ ಗೆರೆ ಪರದೆಯ ಮೇಲೆ 18/17 ಪಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಇದೇ ಕಳ್ಳಗೆರೆ.

ಅಗಲ ಹೇಗೆ ಬದಲಾಗುತ್ತದೆ? ಕಡಿಮೆ ಒತ್ತಡದಲ್ಲಿ ಗೆರೆಯ ಅಗಲಕ್ಕೆ ಕಾರಣ ಡಾಪ್ಲರ್ ಪರಿಣಾಮ (ಅಣುಗಳ ಓಡಾಟದಿಂದ ಆವರ್ತನ ಸರಿಯುವುದು), ಅದು ಆವರ್ತನಕ್ಕೆ ಅನುಪಾತದಲ್ಲಿರುತ್ತದೆ. ಕೆಳಗಿನ ಗೆರೆ 17/18ರಷ್ಟು ಕಿರಿದು, ಪರದೆಯ ಅಳತೆಗೋಲು ಅದನ್ನು 18/17ರಷ್ಟು ಹಿಗ್ಗಿಸುತ್ತದೆ. ಎರಡೂ ಹೊಡೆದುಹೋಗಿ, ಕಳ್ಳಗೆರೆ ಅದೇ ಜಾಗದ ನಿಜವಾದ ಗೆರೆಯಷ್ಟೇ ಅಗಲವಾಗಿ ಕೂರುತ್ತದೆ. ನಾವು ಆವರ್ತನ ಅಲುಗಿಸುವ ಪ್ರಮಾಣಕ್ಕೂ ಇದೇ ಅನುಪಾತ, ಹಾಗಾಗಿ ಆಕಾರವೂ ಬದಲಾಗದು. ಯಾವುದನ್ನು ಸಾಕ್ಷಿ ಎಂದು ನಂಬಿ ಕೂತಿದ್ದೆವೋ ಅದು ಸಾಕ್ಷಿಯೇ ಆಗಿರಲಿಲ್ಲ.

ಮುಖ್ಯಸ್ಥರು ಆ ಕಾಗದವನ್ನು ತಾವೇ ಇನ್ನೊಮ್ಮೆ ಲೆಕ್ಕ ಮಾಡಿದರು. ಅಂದು ಸಂಜೆಯೇ ಕರಡು ಪ್ರಬಂಧ ಕಳಿಸುವುದನ್ನು ನಿಲ್ಲಿಸಿದರು. ನಾಲ್ಕು ಗೆರೆ ಹೊಂದಿಕೊಂಡಿದ್ದಾಗ, ಸಹಲೇಖಕರು ಕಾಯುತ್ತಿದ್ದಾಗ ಅದು ಸುಲಭದ ನಿರ್ಧಾರವಲ್ಲ. ಅವರ ಮೇಲಿದ್ದ ಗೌರವ ಅಂದು ಇಮ್ಮಡಿಯಾಯಿತು.

ಗೊತ್ತಿರುವ ಅನಿಲದ ಮುಂದೆ

ಹೊಸ ಅಣುವನ್ನು ಬದಿಗಿಟ್ಟು ಕಾರ್ಬೊನಿಲ್ ಸಲ್ಫೈಡ್ ತುಂಬಿದೆವು. ನೇರ ಕಡ್ಡಿಯಂಥ ಅಣು, ಸುಮಾರು 12.16 ಗಿಗಾಹರ್ಟ್ಸ್‌ಗೊಂದರಂತೆ ಪ್ರಬಲ ಗೆರೆಗಳು, ಪ್ರತಿಯೊಂದರ ಸ್ಥಾನವೂ ಕಿಲೋಹರ್ಟ್ಸ್ ಮಟ್ಟಿಗೆ ತಿಳಿದದ್ದು. ಇಂಥ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಅಣು ನನಗೆ ಗೊತ್ತಿಲ್ಲ. ಕಾರ್ಬನ್ ಮಾನಾಕ್ಸೈಡ್ ಬದಲು ಇದನ್ನೇ ಮೊದಲ ದಿನ ತುಂಬಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಈ ಸಲ ಅಳೆಯುವ ಮುಂಚೆ ಬರೆದಿಟ್ಟೆವು. 231060.99 ಮೆಗಾಹರ್ಟ್ಸ್‌ನಲ್ಲಿ ನಿಜವಾದ ಗೆರೆ ಬರಬೇಕು. ಅದರ ಕೆಳಗಿನ ಗೆರೆ 218903.36ರಲ್ಲಿದೆ. ಹದಿನೇಳನೆಯ ಅಲೆ ಇದ್ದರೆ ಆ ಗೆರೆ ಪರದೆಯ ಮೇಲೆ 231780.03ರಲ್ಲಿ ಕಾಣಬೇಕು. ಮೇಲಿನ ಗೆರೆ 243218.04ರಲ್ಲಿದೆ. ಹತ್ತೊಂಬತ್ತನೆಯ ಅಲೆ ಇದ್ದರೆ ಅದು 230417.09ರಲ್ಲಿ ಕಾಣಬೇಕು. ಆ ಎರಡು ಜಾಗದಲ್ಲಿ ಈ ಅಣುವಿಗೆ ಅಂಥ ಗೆರೆ ಇರಲು ಕಾರಣವೇ ಇಲ್ಲ.

ಎರಡೂ ಜಾಗದಲ್ಲಿ ಗೆರೆ ಬಂತು. ವಿದ್ಯಾರ್ಥಿನಿ ಶಿಖರದ ಮೇಲೆ ಕರ್ಸರ್ ಇಟ್ಟು ಸಂಖ್ಯೆ ಓದಿದಾಗ ನಾವು ಬರೆದಿಟ್ಟಿದ್ದಕ್ಕೂ ಅದಕ್ಕೂ ಕೆಲವೇ ಕಿಲೋಹರ್ಟ್ಸ್ ಅಂತರ. ಅಗಲ ಸುಮಾರು 370 ಕಿಲೋಹರ್ಟ್ಸ್, ನಿಜವಾದ ಗೆರೆಯದ್ದೂ ಅಷ್ಟೇ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೊಸ ಅಣುವಿನಲ್ಲಿ ಹೀಗೆ ಮುಂಚಿತವಾಗಿ ಬರೆದಿಡಲು ಆಗುವುದಿಲ್ಲ. ಅಲ್ಲಿ ಬೇಕಾದದ್ದು ಯಾವ ಗೆರೆಯನ್ನಾದರೂ "ನೀನು ಹೀರಿದ ಅಲೆ ಯಾವುದು?" ಎಂದು ನೇರವಾಗಿ ಕೇಳುವ ಉಪಾಯ. ಅದು ಸಿಕ್ಕಿದ್ದು ಹಳೆಯ ವಿದ್ಯೆಯಲ್ಲೇ. ಡಿಟೆಕ್ಟರ್‌ನ ಮುಂದೆ ಎರಡು ಲೋಹದ ಜಾಲರಿಗಳನ್ನು ಎದುರುಬದುರು ನಿಲ್ಲಿಸಿ, ಒಂದನ್ನು ಮೈಕ್ರೋಮೀಟರ್ ತಿರುಪಿನಿಂದ ಸರಿಸುವುದು. ಇದು ಫ್ಯಾಬ್ರಿ-ಪೆರೊ. ಜಾಲರಿ ಅರ್ಧ ತರಂಗಾಂತರ ಸರಿದಾಗಲೆಲ್ಲ ಅಲೆ ಹೆಚ್ಚಾಗಿ ದಾಟುತ್ತದೆ. ಒಟ್ಟು ಶಕ್ತಿಯನ್ನು ನೋಡುತ್ತ ಜಾಲರಿ ಸರಿಸಿದರೆ ಹದಿನೆಂಟನೆಯ ಅಲೆಯೇ ಎದ್ದು ಕಾಣುತ್ತದೆ, ಅದರಿಂದ ಪ್ರಯೋಜನವಿಲ್ಲ. ನಾವು ಆವರ್ತನವನ್ನು ಕಳ್ಳಗೆರೆಯ ಶಿಖರದ ಮೇಲೇ ನಿಲ್ಲಿಸಿ, ಲಾಕ್-ಇನ್‌ನಲ್ಲಿ ಬರುವ ಗೆರೆಯ ಸಂಕೇತವನ್ನು ಮಾತ್ರ ನೋಡುತ್ತ ಜಾಲರಿ ಸರಿಸಿದೆವು. ಆಗ ಏರಿಳಿಯುವುದು ಆ ಗೆರೆಯನ್ನು ಹುಟ್ಟಿಸಿದ ಅಲೆಯ ಲಯಕ್ಕೆ.

ತಿರುಪನ್ನು ತಿರುಗಿಸಿದ್ದು ಅವಳೇ. ನೂರರಲ್ಲೊಂದು ಮಿಲಿಮೀಟರ್‌ನಂತೆ ಸರಿಸುತ್ತ, ಪ್ರತಿ ಸಲ ಸೂಚಿ ನಿಲ್ಲುವವರೆಗೆ ಕಾದು, ಪೆನ್ಸಿಲ್‌ನಲ್ಲಿ ಬರೆಯುತ್ತ ಹೋದಳು. ಹದಿನೆಂಟನೆಯ ಅಲೆಯಾಗಿದ್ದರೆ ಶಿಖರಗಳ ನಡುವಿನ ಅಂತರ 0.647 ಮಿಲಿಮೀಟರ್, ಹದಿನೇಳನೆಯದಾದರೆ 0.685. ಒಂದು ಶಿಖರದಲ್ಲಿ ಸಂಶಯ ಉಳಿಯಬಹುದು, ಹತ್ತು ಶಿಖರ ದಾಟುವ ಹೊತ್ತಿಗೆ 6.47 ಮತ್ತು 6.85ರ ನಡುವೆ ಸಂಶಯಕ್ಕೆ ಜಾಗವಿಲ್ಲ. ಹತ್ತನೆಯ ಶಿಖರ 6.8ನ್ನು ದಾಟಿಯೇ ಬಂತು.

ಕೇಬಲ್

ಇಷ್ಟು ಸೋರಿಕೆ ಬಂದದ್ದೆಲ್ಲಿಂದ? ನನ್ನ ಮೊದಲ ದಿನದ ಜೋಡಣೆಯಲ್ಲಿ ಸಿಂಥಸೈಸರ್ ಮೇಜಿನ ಮೇಲೆ, ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಆಮೇಲೆ ಅದರ ಫ್ಯಾನ್ ಮೇಜನ್ನು ನಡುಗಿಸಿ ಸಂಕೇತಕ್ಕೆ ಗದ್ದಲ ತರುತ್ತಿದೆ ಎಂದು ರ‍್ಯಾಕ್‌ಗೆ ಸಾಗಿಸಿದೆವು. ಗದ್ದಲ ಹೋಯಿತು, ಎಲ್ಲರಿಗೂ ಸಂತೋಷ. ಆದರೆ ಅಲ್ಲಿಂದ ಪೆಟ್ಟಿಗೆಗೆ 3 ಮೀಟರ್ ಕೇಬಲ್ ಬೇಕಾಯಿತು. 13 ಗಿಗಾಹರ್ಟ್ಸ್‌ನಲ್ಲಿ ಆ ಕೇಬಲ್ ಸುಮಾರು 4 ಡೆಸಿಬೆಲ್ ನುಂಗುತ್ತಿತ್ತು. ಅಂದರೆ ಹೊರಟ ಶಕ್ತಿಯಲ್ಲಿ ನೂರಕ್ಕೆ ನಲವತ್ತು ಪಾಲು ಮಾತ್ರ ಪೆಟ್ಟಿಗೆಗೆ ತಲುಪುತ್ತಿತ್ತು, ತಯಾರಕರು ಕೇಳಿದ್ದ ಕನಿಷ್ಠ ಮಟ್ಟಕ್ಕಿಂತ ಕಡಿಮೆ.

ಡ್ರೈವ್ ಕಡಿಮೆಯಾದಾಗ ಆರರ ಪೆಟ್ಟಿಗೆಯೊಳಗಿನ ಮೊದಲ, ಎರಡರಿಂದ ಗುಣಿಸುವ ಹಂತ ಸೊರಗುತ್ತದೆ. ಒಳಬರುವ ಅಲೆ 1 ಡೆಸಿಬೆಲ್ ಇಳಿದರೆ ಎರಡರಿಂದ ಗುಣಿಸಿ ಹೊರಡುವ ಅಲೆ ಸುಮಾರು 2 ಡೆಸಿಬೆಲ್ ಇಳಿಯುತ್ತದೆ, ಗುಣಿಸದೆ ಸೋರುವ ಮೂಲ ಅಲೆ 1 ಡೆಸಿಬೆಲ್ ಮಾತ್ರ. ಸೋರಿಕೆಯ ಪಾಲು ಹೆಚ್ಚುತ್ತದೆ. ಮುಂದಿನ ಆಂಪ್ಲಿಫೈಯರ್ ಎರಡನ್ನೂ ಎತ್ತಿ ಕಳಿಸುತ್ತದೆ, ಕೊನೆಯ ಶಕ್ತಿ ಹೆಚ್ಚು ಕಡಿಮೆ ಮೊದಲಿನಷ್ಟೇ ಕಾಣುತ್ತದೆ. ಪವರ್ ಮೀಟರ್ ಇಟ್ಟು ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ ಎನ್ನುವುದು ಸಮಾಧಾನದ ಮಾತಲ್ಲ. ಜೋಡಣೆ ಬದಲಾದ ಮೇಲೆ ನಾನು ಯಾವ ಪರೀಕ್ಷೆಯನ್ನೂ ಮತ್ತೆ ಮಾಡಿರಲಿಲ್ಲ. ಪುಸ್ತಕದಲ್ಲಿದ್ದ ನನ್ನ ಸಹಿ ಬೇರೊಂದು ಜೋಡಣೆಗೆ ಹಾಕಿದ್ದು.

ಆರರ ಪೆಟ್ಟಿಗೆಯ ಹತ್ತಿರವೇ ಒಂದು ಸಣ್ಣ ಆಂಪ್ಲಿಫೈಯರ್ ಕೂರಿಸಿ, ಕೇಬಲ್ ನುಂಗಿದ್ದನ್ನು ತುಂಬಿಕೊಟ್ಟೆವು. ಕಳ್ಳಗೆರೆಗಳು ಬಹಳ ಇಳಿದವು, ಪೂರ್ತಿ ಹೋಗಲಿಲ್ಲ. ಆಮೇಲೆ ಪೆಟ್ಟಿಗೆಗೂ ಟ್ರಿಪ್ಲರ್‌ಗೂ ನಡುವೆ ವೇವ್‌ಗೈಡ್ ಫಿಲ್ಟರ್ ಹಾಕಲು ಹೊರಟಾಗ ಇನ್ನೊಂದು ಕಷ್ಟ ಎದುರಾಯಿತು. 75ರಿಂದ 110 ಗಿಗಾಹರ್ಟ್ಸ್ ಪೂರ್ತಿ ಬಿಡುವ ಒಂದೇ ಫಿಲ್ಟರ್ ಇದಕ್ಕೆ ಉಪಯೋಗಕ್ಕೆ ಬಾರದು. ಆರನೆಯದು 77ರಲ್ಲಿದ್ದಾಗ ಏಳನೆಯದು 90ರಲ್ಲಿರುತ್ತದೆ, ಅಂದರೆ ಫಿಲ್ಟರ್‌ನ ಒಳಗೇ. ಏಳನೆಯದು ಯಾವಾಗಲೂ ಹೊರಗೆ ಬೀಳಬೇಕಾದರೆ ಫಿಲ್ಟರ್‌ನ ಮೇಲಿನ ಅಂಚು ಕೆಳಗಿನ ಅಂಚಿನ 7/6 ಪಟ್ಟಿಗಿಂತ ಕಡಿಮೆಯಿರಬೇಕು. ಐದನೆಯದರ ಷರತ್ತು ಅದಕ್ಕಿಂತ ಸಡಿಲ. ಹಾಗೆ ಲೆಕ್ಕ ಹಾಕಿ 75–85, 85–97, 97–110 ಎಂದು ಮೂರು ಫಿಲ್ಟರ್ ಮಾಡಿಸಿದೆವು. ಒಂದೇ ಓಟದಲ್ಲಿ ಇಡೀ ವಲಯ ಅಳೆಯುವ ಸೌಕರ್ಯ ಹೋಯಿತು. ನಡುವೆ ಎರಡು ಸಲ ನಾಲ್ಕು ನಾಲ್ಕು ತಿರುಪು ಬಿಚ್ಚಿ ಫಿಲ್ಟರ್ ಬದಲಿಸಬೇಕು. ಮುಖ್ಯಸ್ಥರು ಒಂದು ಮಾತೂ ಗೊಣಗದೆ ಒಪ್ಪಿದರು.

ಈಗ ಕಾರ್ಬೊನಿಲ್ ಸಲ್ಫೈಡ್‌ನ ಆ ಎರಡು ಜಾಗಗಳಲ್ಲಿ ಗದ್ದಲದ ಮೇಲೆ ಏನೂ ಕಾಣುವುದಿಲ್ಲ. ಕೇಬಲ್, ಕನೆಕ್ಟರ್, ಫಿಲ್ಟರ್ ಯಾವುದನ್ನು ಮುಟ್ಟಿದರೂ ಮೊದಲು ಆ ಅನಿಲ ತುಂಬಿ, 230417 ಮತ್ತು 231780ರಲ್ಲಿ ಹುಡುಕಿ, ಖಾಲಿ ರೋಹಿತವನ್ನು ಪುಸ್ತಕಕ್ಕೆ ಅಂಟಿಸಿ ಮುಂದುವರಿಯುತ್ತೇವೆ. ಅರ್ಧ ಗಂಟೆಯ ಕೆಲಸ.

ಹೊಸ ಅಣುವನ್ನು ಮೊದಲಿನಿಂದ ಅಳೆದೆವು. ಹನ್ನೊಂದರಲ್ಲಿ ಒಂಬತ್ತು ಗೆರೆ ಹೋದವು. ಲೆಕ್ಕಕ್ಕೆ ಒಗ್ಗಿಸಿದ್ದ ನಾಲ್ಕರಲ್ಲಿ ಮೂರು ಅವುಗಳಲ್ಲೇ ಇದ್ದವು. ಉಳಿದ ಎರಡನ್ನು ವಿದ್ಯಾರ್ಥಿನಿ ಬಿಡಲಿಲ್ಲ. ಡ್ರೈವ್ ಬದಲಿಸಿದಳು, ಎರಡೂ ಬೇರೆ ಗೆರೆಗಳ ಜೊತೆಗೇ ಏರಿಳಿದವು. ಜಾಲರಿ ಸರಿಸಿ ನೋಡಿದಳು, ಹದಿನೆಂಟನೆಯ ಅಲೆಯದ್ದೇ ಲಯ. ಕೊನೆಗೆ ಕೊಳವೆಯ ಸುತ್ತ ಒಣ ಮಂಜುಗಡ್ಡೆ ಸುರಿದು ತಣ್ಣಗೆ ಮಾಡಿದಳು. ಅಕ್ಕಪಕ್ಕದ ಗೆರೆಗಳು ಗಟ್ಟಿಯಾದವು, ಈ ಎರಡು ಕುಗ್ಗಿದವು. ಮುಖ್ಯಸ್ಥರು ಮೊದಲ ದಿನ ಹೇಳಿದ್ದ ಕಂಪನದ ಸ್ಥಿತಿ ಈ ಎರಡರ ಮಟ್ಟಿಗೆ ನಿಜವಾಗಿತ್ತು. ಈಗ ಅವಳು ಆ ಸ್ಥಿತಿಯ ಮೂರನೆಯ ಗೆರೆ ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕಿ, ಸಂಖ್ಯೆಯನ್ನು ಮುಂಚಿತವಾಗಿ ಪುಸ್ತಕದಲ್ಲಿ ಬರೆದಿಟ್ಟು, ಮಧ್ಯದ ಫಿಲ್ಟರ್ ಹಾಕುತ್ತಿದ್ದಾಳೆ.